ಬಾಯೊಳಗೆ ಮರಿ ಕಾಯುವ ಸಿಕ್ಲಿಡ್‌ಗಳು

ಗಾಜಿನ ತೊಟ್ಟಿಯ ಮೂಲೆಯಲ್ಲಿ ಬೆರಳುದ್ದದ ಹಳದಿ ಮೀನೊಂದು ಒಂಟಿಯಾಗಿ ನಿಂತಿರುತ್ತದೆ. ಮೇವು ಹಾಕಿದರೂ ಹತ್ತಿರ ಸುಳಿಯುವುದಿಲ್ಲ. ಗದ್ದದ ಕೆಳಭಾಗ ಉಬ್ಬಿದೆ, ಬಾಯಿ ಆಗಾಗ ಏನನ್ನೋ ಮೆಲುಕು ಹಾಕುವಂತೆ ಆಡುತ್ತದೆ. ಹೊಸದಾಗಿ ಮೀನು ಸಾಕುವವರು ರೋಗ ಬಂತೆಂದು ಗಾಬರಿಯಾಗುತ್ತಾರೆ. ಪಳಗಿದವರಿಗೆ ನೋಡುತ್ತಲೇ ಗೊತ್ತಾಗುತ್ತದೆ: ಅದು ತಾಯಿ ಮೀನು, ಬಾಯಿ ತುಂಬ ಮೊಟ್ಟೆಗಳಿವೆ. ಹೆಚ್ಚುಕಡಿಮೆ ಮೂರು ವಾರ ಉಪವಾಸವಿದ್ದು, ಕೊನೆಗೆ ಈಜಬಲ್ಲ ಪುಟ್ಟ ಮರಿಗಳನ್ನೇ ಅದು ಬಾಯಿಂದ ಹೊರಬಿಡುತ್ತದೆ.

ಅಂಗಡಿಗಳಲ್ಲಿ ‘ಎಲೆಕ್ಟ್ರಿಕ್ ಯೆಲ್ಲೋ’ ಎಂದು ಮಾರುವ ಈ ಮೀನಿನ ತವರು ಆಫ್ರಿಕಾದ ಮಲಾವಿ ಸರೋವರ. ಸೇರಿದ್ದು ಸಿಕ್ಲಿಡ್ ಕುಟುಂಬಕ್ಕೆ. ವಿಜ್ಞಾನಿಗಳು ಹೆಸರಿಟ್ಟ ಸಿಕ್ಲಿಡ್ ಪ್ರಭೇದಗಳೇ 1,700ರ ಆಸುಪಾಸಿನಲ್ಲಿವೆ. ಅಮೆಜಾನಿನ ಏಂಜೆಲ್, ಡಿಸ್ಕಸ್, ಆಸ್ಕರ್ ಮೀನುಗಳೂ ಇದೇ ಕುಟುಂಬದವು. ನಮ್ಮ ಕೆರೆಗಳ ಜಿಲೇಬಿ ಮೀನು, ಅಂದರೆ ತಿಲಾಪಿಯಾ ಕೂಡ.

ಮಲಾವಿಯ ಬಂಡೆಗಳ ನಡುವೆ ಬದುಕುವ ಸಿಕ್ಲಿಡ್‌ಗಳಿಗೆ ‘ಎಂಬುನಾ’ ಎಂಬ ಹೆಸರಿದೆ. ಗಂಡು ಒಂದು ಕಲ್ಲಿನ ಸಂದನ್ನು ತನ್ನದೆಂದು ಹಿಡಿದುಕೊಂಡಿತೆಂದರೆ ಹತ್ತಿರ ಬಂದ ಇನ್ನೊಂದು ಗಂಡನ್ನು ಅಟ್ಟಾಡಿಸುತ್ತದೆ. ಹೆಣ್ಣು ಬಂದರೆ ಮೈ ನಡುಗಿಸಿ ಕರೆಯುತ್ತದೆ. ಹೆಣ್ಣು ಮೊಟ್ಟೆ ಇಟ್ಟ ಕೂಡಲೇ ತಿರುಗಿ ಬಾಯಿಗೆ ತುಂಬಿಕೊಳ್ಳುತ್ತದೆ. ಗಂಡಿನ ಹೊಟ್ಟೆಯಡಿಯ ಹಿಂದಿನ ಈಜುರೆಕ್ಕೆಯ ಮೇಲೆ ಮೊಟ್ಟೆಯಂತೆಯೇ ಕಾಣುವ ದುಂಡನೆಯ ಚುಕ್ಕೆಗಳಿರುತ್ತವೆ. ಹೆಣ್ಣು ಅವುಗಳತ್ತಲೂ ಬಾಯಿ ಹಾಕುತ್ತದೆ. ಆಗ ಗಂಡು ಬಿಟ್ಟ ವೀರ್ಯ ಬಾಯೊಳಗಿನ ಮೊಟ್ಟೆಗಳನ್ನು ತಲುಪುತ್ತದೆ. ಇಷ್ಟೆಲ್ಲ ನಡೆಯುವುದು ನಡುಮನೆಯಲ್ಲಿ, ನೋಡುವವರ ಕಣ್ಣಿಂದ ಒಂದಡಿ ದೂರದಲ್ಲಿ. ಟಿವಿ ಆರಿಸಿ ಕೂತು ನೋಡುವಂಥ ದೃಶ್ಯವಿದು.

ಆದರೆ ಇಂಥ ದೃಶ್ಯ ನೋಡಬೇಕೆಂದರೆ ಮೀನು ಕೊಳ್ಳುವ ಮೊದಲು ಮನೆಯ ನೀರನ್ನು ಪರೀಕ್ಷಿಸಬೇಕು. ಮಲಾವಿಯ ನೀರು ಗಡಸು, ಕ್ಷಾರೀಯ. ಪಿಎಚ್ ಎಂಟರ ಸುತ್ತಮುತ್ತ. ಬೆಂಗಳೂರಿನ ಎಷ್ಟೋ ಮನೆಗಳ ಬೋರ್‌ವೆಲ್ ನೀರೂ ಗಡಸೇ. ಬಿಸಿನೀರಿನ ಪಾತ್ರೆಗೆ ಬಿಳಿ ಪೊರೆ ಕಟ್ಟಿಸುವ ಆ ನೀರು ಎಂಬುನಾಗಳಿಗೆ ಒಗ್ಗುತ್ತದೆ. ಅದೇ ನೀರಿಗೆ ಡಿಸ್ಕಸ್ ಬಿಟ್ಟರೆ ಸೊರಗುತ್ತದೆ. ಅದಕ್ಕೆ ಅಮೆಜಾನಿನಂಥ ಮೆದುವಾದ, ತುಸು ಆಮ್ಲೀಯ ನೀರೇ ಬೇಕು. ಹಾಗಾಗಿ ಬೋರ್‌ವೆಲ್ ನೀರಿನ ಮನೆಯವರು ಆಫ್ರಿಕಾದ ಮೀನಿನಿಂದ ಶುರು ಮಾಡುವುದೇ ಸರಿ. ನಲ್ಲಿ ನೀರಾದರೆ ಮೊದಲು ಕ್ಲೋರಿನ್ ತೆಗೆಯಬೇಕು.

ತೊಟ್ಟಿ ನಾಲ್ಕಡಿ ಉದ್ದ, ಒಂದೂವರೆ ಅಡಿ ಅಗಲ, ಅಷ್ಟೇ ಎತ್ತರ ಇದ್ದರೆ ಒಳ್ಳೆಯದು. ತುಂಬಿಸಿದರೆ ಸುಮಾರು 250 ಲೀಟರ್. ನೀರೇ ಕಾಲು ಟನ್ ತೂಗುತ್ತದೆ, ಕಲ್ಲು–ಮರಳಿನ ಭಾರ ಬೇರೆ. ಹಳೆಯ ಟಿವಿ ಸ್ಟ್ಯಾಂಡಿನ ಮೇಲೆ ಇಡುವಂಥದ್ದಲ್ಲ.

ಹೊಸ ತೊಟ್ಟಿಗೆ ನೀರು ತುಂಬಿ ಅದೇ ಸಂಜೆ ಮೀನು ಬಿಡುವುದರಿಂದ ಆಗುವ ಸಾವು ಬಹಳ. ಮೀನಿನ ಹಿಕ್ಕೆಯಿಂದ, ಕೊಳೆತ ಮೇವಿನಿಂದ ಅಮೋನಿಯಾ ಹುಟ್ಟುತ್ತದೆ. ಅದು ಮೀನಿಗೆ ವಿಷ. ಫಿಲ್ಟರಿನಲ್ಲಿ ನೆಲೆಯೂರುವ ಬ್ಯಾಕ್ಟೀರಿಯಾ ಅಮೋನಿಯಾವನ್ನು ನೈಟ್ರೈಟ್ ಮಾಡುತ್ತದೆ. ಅದೂ ವಿಷವೇ. ಇನ್ನೊಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ಅಷ್ಟಾಗಿ ಅಪಾಯವಿಲ್ಲದ ನೈಟ್ರೇಟ್ ಆಗಿ ಬದಲಿಸುತ್ತದೆ. ಈ ಸೂಕ್ಷ್ಮಜೀವಿಗಳು ನೆಲೆಗೊಳ್ಳಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ಆಮೇಲೂ ಸೇರಿಕೊಳ್ಳುತ್ತಲೇ ಇರುವ ನೈಟ್ರೇಟನ್ನು ಹೊರಹಾಕಲೆಂದೇ ವಾರಕ್ಕೊಮ್ಮೆ ಕಾಲುಭಾಗ ನೀರು ಬದಲಿಸುವುದು. ಫಿಲ್ಟರಿನ ಸ್ಪಂಜನ್ನು ನಲ್ಲಿ ನೀರಿನಲ್ಲಿ ತಿಕ್ಕಿ ತೊಳೆದರೆ ಕ್ಲೋರಿನ್‌ಗೆ ಆ ಬ್ಯಾಕ್ಟೀರಿಯಾ ಸಾಯುತ್ತವೆ. ತೊಟ್ಟಿಯಿಂದ ತೆಗೆದ ನೀರಿನಲ್ಲೇ ಅದನ್ನು ಜಾಲಾಡಿಸಬೇಕು.

ಎಂಬುನಾಗಳಲ್ಲಿ ಹೆಚ್ಚಿನವು ಬಂಡೆಯ ಪಾಚಿ ಕೆರೆದು ತಿನ್ನುವಂಥವು. ಪ್ರೀತಿಯಿಂದ ದಿನವೂ ಹುಳದ ಮೇವು ಹಾಕಿದರೆ ಹೊಟ್ಟೆ ಉಬ್ಬರಿಸಿ ಸಾಯುತ್ತವೆ. ಸ್ಪಿರುಲಿನಾ ಬೆರೆತ ಮೇವು, ಅದೂ ಸ್ವಲ್ಪ ಸ್ವಲ್ಪವೇ ಸಾಕು. ಜಗಳ ತಗ್ಗಿಸಲು ಕಲ್ಲಿನ ಗೂಡುಗಳು ಹೇರಳವಾಗಿರಬೇಕು, ಒಂದು ಗಂಡಿಗೆ ಹಲವು ಹೆಣ್ಣುಗಳಿರಬೇಕು.

ಅಂಗಡಿಗಳಲ್ಲಿ ಕಣ್ಸೆಳೆಯುವ ಕೆಂಪು ಪ್ಯಾರಟ್ ಮೀನು ಮನುಷ್ಯರು ತಳಿ ಬೆರೆಸಿ ಮಾಡಿದ್ದು. ಅದಕ್ಕೆ ಬಾಯಿ ಪೂರ್ತಿ ಮುಚ್ಚಲೂ ಬರುವುದಿಲ್ಲ. ನಿಸರ್ಗವೇ ಇಷ್ಟೊಂದು ಬಣ್ಣ ಕೊಟ್ಟಿರುವಾಗ ಅಂಥ ಮೀನನ್ನು ಕೊಳ್ಳುವುದು ಬೇಡ.

ಸಿಕ್ಲಿಡ್ ಹುಡುಕಲು ಆಫ್ರಿಕಾದವರೆಗೆ ಹೋಗಬೇಕೆಂದೇನೂ ಇಲ್ಲ. ಭಾರತದ ಮೂಲನಿವಾಸಿ ಸಿಕ್ಲಿಡ್‌ಗಳು ಮೂರು. ಕೇರಳದ ಊಟದೆಲೆಯಲ್ಲಿ ಹೆಸರಾದ ಕರಿಮೀನು ಒಂದು. ಕಿತ್ತಳೆ ಕ್ರೋಮೈಡ್ ಇನ್ನೊಂದು. ಇದರ ಮರಿಗಳು ತಂದೆತಾಯಿಯ ಮೈಲೋಳೆಯನ್ನೂ ತಿನ್ನುತ್ತವೆ. ಮೂರನೆಯದು ನಮ್ಮದೇ. ಫ್ರಾನ್ಸಿಸ್ ಡೇ 1877ರಲ್ಲಿ ವಿವರಿಸಿದ ‘ಎಟ್ರೋಪ್ಲಸ್ ಕೆನರೆನ್ಸಿಸ್’. ಹೆಸರಿನಲ್ಲೇ ಕೆನರಾ ಇರುವ ಈ ಪಟ್ಟೆಮೀನಿನ ನೆಲೆ ದಕ್ಷಿಣ ಕನ್ನಡದ ಹೊಳೆಗಳು. ಹೊರದೇಶದ ಹವ್ಯಾಸಿಗಳು ಆಸೆಪಟ್ಟು ಸಾಕುವ ಈ ಮೀನು ನಮ್ಮವರ ಗಮನಕ್ಕೆ ಬಂದದ್ದು ಕಡಿಮೆ. ಹೊಳೆಯಿಂದ ಹಿಡಿದು ತರುವ ಬದಲು ತೊಟ್ಟಿಯಲ್ಲೇ ಮರಿ ಮಾಡಿಸಿದ್ದು ಸಿಕ್ಕರೆ ಮಾತ್ರ ಕೊಳ್ಳಬೇಕು.

ಕೊನೆಯದಾಗಿ ಒಂದು ವಿನಂತಿ. ಆಸ್ಕರ್ ಒಂದಡಿ ಬೆಳೆಯಿತೆಂದೋ, ಎಂಬುನಾ ಮರಿಗಳು ಹೆಚ್ಚಾದವೆಂದೋ ಕೆರೆಗೆ ಸುರಿಯಬೇಡಿ. 1952ರಲ್ಲಿ ಭಾರತಕ್ಕೆ ತಂದ ತಿಲಾಪಿಯಾ ಇಂದು ಕೆರೆಕೆರೆಗಳನ್ನು ಆವರಿಸಿ ನಾಡಮೀನುಗಳ ಜಾಗ ಕಿತ್ತುಕೊಂಡಿದೆ. ಬೇಡವಾದ ಮೀನನ್ನು ಅಂಗಡಿಗೆ ಮರಳಿಸಿ, ಇಲ್ಲವೇ ಸಾಕುವ ಇನ್ನೊಬ್ಬರಿಗೆ ಕೊಡಿ.