ಖಾಸಗಿ ಪ್ರತಿಯ ಮರ್ಯಾದೆ: ನೀಲಗಾರರ ಪಠ್ಯವನ್ನು ಕುರಿತು ಕೆಲವು ವಿಚಾರಗಳು

ನಂಜನಗೂಡು, ತಿ. ನರಸೀಪುರ ತಾಲ್ಲೂಕುಗಳ ಹಳ್ಳಿಗಳಲ್ಲಿ ಕ್ಷೇತ್ರಕಾರ್ಯ ನಡೆಸುವವರು ಮಂಟೇಸ್ವಾಮಿ ಪರಂಪರೆಯ ನೀಲಗಾರರ ಹಾಡುಗಾರಿಕೆಯನ್ನು ಧ್ವನಿಮುದ್ರಿಸಿಕೊಂಡು ಬರುತ್ತಾರೆ. ಅಧ್ಯಯನಕ್ಕೆಂದು ತಂದ ಈ ಪ್ರತಿ ಯಾರಿಗೆ ಸೇರಿದ್ದು? ಅದನ್ನು ಇನ್ನೊಬ್ಬರಿಗೆ ಕೊಡಬಹುದೆ? ಮೊಬೈಲ್ ಫೋನಿನಿಂದ ಕ್ಷಣಾರ್ಧದಲ್ಲಿ ಪ್ರತಿ ರವಾನೆಯಾಗುವ ಇಂದಿನ ಸಂದರ್ಭದಲ್ಲಿ ಈ ಪ್ರಶ್ನೆಗಳನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲು ಪಠ್ಯದ ಸ್ವರೂಪವನ್ನು ಗಮನಿಸಬೇಕು. ಮಂಟೇಸ್ವಾಮಿ ಕಾವ್ಯದ ಕಲ್ಯಾಣದ ಸಾಲಿನಲ್ಲಿ ಮಂಟೇಸ್ವಾಮಿಯು ಜುಗುಪ್ಸೆ ಹುಟ್ಟಿಸುವ ವೇಷದಲ್ಲಿ ಕಲ್ಯಾಣಕ್ಕೆ ಬಂದು ಬಸವಣ್ಣನವರನ್ನೂ ಶರಣರನ್ನೂ ಪರೀಕ್ಷಿಸುತ್ತಾನೆ. ಹನ್ನೆರಡನೆಯ ಶತಮಾನದ ವ್ಯಕ್ತಿಗಳನ್ನು ಒಕ್ಕಲು ಸಮುದಾಯವು ತನ್ನ ಕಥನಕ್ಕೆ ಒಗ್ಗಿಸಿಕೊಂಡು ಮರುಸೃಷ್ಟಿಸಿದೆ. ತಂಬೂರಿ, ಗಗ್ಗರಗಳೊಂದಿಗೆ ಹಾಡುವ ನೀಲಗಾರನು ಕೇಳುಗರಿಗೂ ಸಂದರ್ಭಕ್ಕೂ ತಕ್ಕಂತೆ ಕಥೆಯನ್ನು ಹಿಗ್ಗಿಸುತ್ತಾನೆ, ಕುಗ್ಗಿಸುತ್ತಾನೆ. ಆದ್ದರಿಂದ ನಮ್ಮ ಕೈಗೆ ಸಿಗುವುದು ಒಬ್ಬ ಗಾಯಕನ ಒಂದು ರಾತ್ರಿಯ ಪಠ್ಯ ಮಾತ್ರ. ಕನ್ನಡ ವಿಶ್ವವಿದ್ಯಾಲಯ 1997ರಲ್ಲಿ ಹಿ.ಚಿ. ಬೋರಲಿಂಗಯ್ಯನವರ ಸಂಪಾದಕತ್ವದಲ್ಲಿ ಹೊರತಂದ ಮಂಟೇಸ್ವಾಮಿ ಕಾವ್ಯವನ್ನೂ ಈ ದೃಷ್ಟಿಯಿಂದಲೇ ಓದಬೇಕಾಗುತ್ತದೆ.

ಜನಪ್ರಿಯ ಕೃತಿಯ ಪಾತ್ರಗಳನ್ನು ಎತ್ತಿಕೊಂಡು ಅಭಿಮಾನಿಗಳು ಬರೆದು ಅಂತರಜಾಲದಲ್ಲಿ ಪ್ರಕಟಿಸುವ ಕಥೆಗಳಲ್ಲಿಯೂ ಇದೇ ಪ್ರಶ್ನೆ ಎದ್ದಿದೆ. 2009ರಲ್ಲಿ ಜಿಯೋಸಿಟೀಸ್ ತಾಣ ಮುಚ್ಚಿದಾಗ ಇಂತಹ ಎಷ್ಟೋ ಬರಹಗಳು ಕಣ್ಮರೆಯಾದವು. ಆ ಕಾರಣದಿಂದ ಓದುಗರು ತಮಗಾಗಿ ಪ್ರತಿ ಇರಿಸಿಕೊಳ್ಳುವುದನ್ನು ಆ ವಲಯದಲ್ಲಿ ಸಾಮಾನ್ಯವಾಗಿ ತಪ್ಪೆಂದು ಎಣಿಸುವುದಿಲ್ಲ. ಬರೆದವರ ಒಪ್ಪಿಗೆಯಿಲ್ಲದೆ ಮರುಪ್ರಕಟಿಸುವುದು, ಹೆಸರು ಅಳಿಸುವುದು ಮಾತ್ರ ಅಪಚಾರ. ಇರಿಸಿಕೊಳ್ಳುವುದು ಬೇರೆ, ಹರಡುವುದು ಬೇರೆ ಎಂಬ ಈ ವಿವೇಕ ನಮಗೂ ಅನ್ವಯಿಸುತ್ತದೆ.

ಕಾನೂನು ಕೂಡ ಈ ಗೆರೆಯನ್ನು ಗುರುತಿಸಿದೆ. 1957ರ ಕೃತಿಸ್ವಾಮ್ಯ ಕಾಯ್ದೆಗೆ 1994ರಲ್ಲಿ ಆದ ತಿದ್ದುಪಡಿ ಪ್ರದರ್ಶಕರಿಗೆ ಹಕ್ಕನ್ನು ನೀಡಿತು. ಈಗ ಅದರ ಅವಧಿ 50 ವರ್ಷ. 39ನೆಯ ಕಲಮಿನ ಪ್ರಕಾರ ಸ್ವಂತ ಬಳಕೆಗಾಗಿ, ಇಲ್ಲವೆ ಪ್ರಾಮಾಣಿಕ ಬೋಧನೆ ಸಂಶೋಧನೆಗಳಿಗಾಗಿ ಮಾತ್ರ ಮಾಡಿಕೊಂಡ ಮುದ್ರಣ ಆ ಹಕ್ಕಿನ ಉಲ್ಲಂಘನೆಯಲ್ಲ. 2012ರ ತಿದ್ದುಪಡಿ ಪ್ರದರ್ಶಕನು ತನ್ನ ಹೆಸರು ನಮೂದಾಗಬೇಕೆಂದು ಕೇಳುವ ಹಕ್ಕನ್ನೂ ಮಾನ್ಯ ಮಾಡಿತು. ಕಾವ್ಯಕ್ಕೆ ಕರ್ತೃವಿಲ್ಲವೆಂದು ಹಾಡಿದವನ ಹಕ್ಕು ಇಲ್ಲವಾಗುವುದಿಲ್ಲ.

ಆದರೆ ಕಾನೂನು ಹೇಳದ ಒಂದು ಅಪಾಯವಿದೆ. ಹರಕೆಯ ಮನೆಯಲ್ಲಿ ಹಾಡುವ ಗಾಯಕನು ಮನೆಯವರ ಮನಸ್ಸು ನೋಯದಿರಲೆಂದು ಒಂದು ಪ್ರಸಂಗವನ್ನು ಬಿಟ್ಟನೆಂದು ಭಾವಿಸೋಣ. ಆ ಮುದ್ರಣ ಕೈಯಿಂದ ಕೈಗೆ ದಾಟಿ, ಊರು, ದಿನ, ಹೆಸರುಗಳನ್ನು ಕಳೆದುಕೊಂಡು ಯಾವುದೋ ವಿದ್ಯಾರ್ಥಿಯನ್ನು ಸೇರುತ್ತದೆ. ನಂಜನಗೂಡು ಭಾಗದ ಪಾಠದಲ್ಲಿ ಆ ಪ್ರಸಂಗವೇ ಇಲ್ಲವೆಂದು ಆತ ಬರೆಯುತ್ತಾನೆ. ಒಂದು ರಾತ್ರಿಯ ಸೌಜನ್ಯ ಶಾಶ್ವತ ಪಾಠಾಂತರವಾಗಿಬಿಡುತ್ತದೆ. ಇತ್ತ ಹಾಡಿಯೇ ಬದುಕುವ ನೀಲಗಾರನಿಗೆ ಹೆಸರೂ ಇಲ್ಲ, ಸಂಭಾವನೆಯೂ ಇಲ್ಲ.

ಆದುದರಿಂದ ಕೆಲವು ಮರ್ಯಾದೆಗಳು ಅವಶ್ಯ. ಮುದ್ರಿಸುವ ಮುನ್ನ ಉದ್ದೇಶವನ್ನು ತಿಳಿಸಿ ಒಪ್ಪಿಗೆ ಪಡೆಯಬೇಕು. ಪ್ರತಿಯ ಆರಂಭದಲ್ಲಿಯೇ ಗಾಯಕ, ಹಿಮ್ಮೇಳ, ಊರು, ದಿನಾಂಕ, ಸಂದರ್ಭಗಳನ್ನು ನುಡಿದು ದಾಖಲಿಸಬೇಕು. ಬಳಗದ ಹೊರಗೆ ಕೇಳಿಸಬಾರದೆಂದು ಗಾಯಕ ಹೇಳಿದ ಭಾಗವನ್ನು ಪ್ರತ್ಯೇಕವಾಗಿ ಇರಿಸಬೇಕು. ಬೇರೊಬ್ಬ ಸಂಶೋಧಕ ಕೇಳಿದರೆ ಪ್ರತಿಯ ಬದಲು ಗಾಯಕನ ಊರಿನ ದಾರಿ ತೋರಿಸುವುದು ಉತ್ತಮ. ಇದರಿಂದ ಹೊಸ ಪಾಠವೂ ದೊರೆಯುತ್ತದೆ, ಗಾಯಕನಿಗೆ ಸಂಭಾವನೆಯೂ ಸಲ್ಲುತ್ತದೆ. ಗಾಯಕ ತೀರಿಕೊಂಡಿದ್ದರೆ ಮೊದಲ ಪ್ರತಿ ಆತನ ಮನೆಗೆ ಸೇರಬೇಕು.

ಓಲೆಗರಿಗಳ ಲಿಪಿಕಾರರು ಪುಷ್ಪಿಕೆಯಲ್ಲಿ ಕಾಲವನ್ನೂ, ಯಾರಿಗಾಗಿ ಬರೆದೆವೆಂಬುದನ್ನೂ ಎಷ್ಟೋ ವೇಳೆ ನಮೂದಿಸುತ್ತಿದ್ದರು. ಅವುಗಳನ್ನು ನೆಚ್ಚಿ ಗ್ರಂಥಸಂಪಾದನೆ ಮಾಡುವ ನಾವು, ನಮ್ಮ ಧ್ವನಿಸುರುಳಿಗಳಿಗೂ ಕಡತಗಳಿಗೂ ಅಷ್ಟು ಮಾತ್ರದ ಪುಷ್ಪಿಕೆಯನ್ನಾದರೂ ಬರೆದಿಡಬೇಕಾಗಿದೆ.