ವಿಮಾನಕ್ಕೆ ಶಸ್ತ್ರ ತೊಡಿಸುವವರ ಕಿವಿ

ಯುದ್ಧವಿಮಾನವೆಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವವನು ಅದನ್ನು ಹಾರಿಸುವ ವೈಮಾನಿಕ. 1971ರ ಡಿಸೆಂಬರ್ 5ರಂದು ರಾಜಸ್ಥಾನದ ಲೋಂಗೇವಾಲಾದಲ್ಲಿ ಶತ್ರುಟ್ಯಾಂಕುಗಳನ್ನು ತಡೆದ ಹಂಟರ್ ವಿಮಾನಗಳ ಕಥೆಯನ್ನು ಬಲ್ಲವರು ಬಹಳ. ಜೈಸಲ್ಮೇರಿನಲ್ಲಿದ್ದ ಆ ವಿಮಾನಗಳು ಬೆರಳೆಣಿಕೆಯಷ್ಟು. ಅವು ಇಳಿದು ಮತ್ತೆ ಮತ್ತೆ ಏರಬೇಕಾದರೆ ನೆಲದ ಮೇಲೆ ಯಾರೋ ಗುಂಡು ತುಂಬಬೇಕಷ್ಟೆ. ಹಂಟರಿನ ನಾಲ್ಕು 30 ಮಿಲಿಮೀಟರ್ ಫಿರಂಗಿಗಳೂ ಅವುಗಳ ಗುಂಡುಗಳೂ ಒಂದೇ ಪೆಟ್ಟಿಗೆಯಂತೆ ಜೋಡಣೆಗೊಂಡಿದ್ದವು. ಬರಿದಾದುದನ್ನು ಇಳಿಸಿ, ತುಂಬಿದುದನ್ನು ಏರಿಸಿದರೆ ಕೆಲವೇ ನಿಮಿಷಗಳಲ್ಲಿ ವಿಮಾನ ಸಿದ್ಧ. ಪದಕಗಳು ವೈಮಾನಿಕರ ಎದೆಯನ್ನು ಅಲಂಕರಿಸಿದವು. ಪೆಟ್ಟಿಗೆ ಏರಿಸಿದ ಏರ್‌ಮನ್ನರ ಹೆಸರು ಕೇಳಿದವರಾರು?

ಮೆಹದಿಪಟ್ಟಣಂ ಸುತ್ತಮುತ್ತ ನೆಲೆಸಿರುವ ನಮಗೆ ಸೇನೆ ಅಪರಿಚಿತವಲ್ಲ. ಗೋಲ್ಕೊಂಡದ ಕಡೆಗೆ ಆರ್ಟಿಲರಿ ಸೆಂಟರ್, ನಗರದ ಹೊರವಲಯದಲ್ಲಿ ಹಕೀಂಪೇಟೆ ಮತ್ತು ದುಂಡಿಗಲ್, ಗಡಿ ದಾಟಿದರೆ ನಮ್ಮದೇ ಬೀದರ. ಏರ್‌ಮನ್ನರಿಗೆ ಮೊದಲ ಕವಾಯತು ಕಲಿಸುವ ಪ್ರಮುಖ ಶಾಲೆಯೂ ಬೆಳಗಾವಿಯ ಸಾಂಬ್ರಾದಲ್ಲಿದೆ. ಇಂಟರ್‌ಮೀಡಿಯೆಟ್ ಮುಗಿಸಿದ ಮಗನೋ ಮಗಳೋ ವಾಯುಸೇನೆಯ ಅರ್ಜಿ ಹಿಡಿದು ಬಂದಾಗ ತಂದೆತಾಯಿಗಳು ಸಂಬಳ, ರಜೆ, ಊರು ಇವನ್ನು ವಿಚಾರಿಸುತ್ತಾರೆ. ಕಿವಿಯ ವಿಚಾರವನ್ನು ಯಾರೂ ಎತ್ತುವುದಿಲ್ಲ.

ವೆಪನ್ ಫಿಟ್ಟರನ ಕೆಲಸ ತೋಳ್ಬಲದ್ದೆಂದು ಭಾವಿಸುವುದು ತಪ್ಪು, ಅದು ತಾಳ್ಮೆಯದು. ಸ್ಥಿರವಿದ್ಯುತ್ತಿನ ಕಿಡಿ ಹಾರದಂತೆ ವಿಮಾನವನ್ನು ಭೂಮಿಗೆ ತಂತಿಯಿಂದ ಸೇರಿಸಬೇಕು. ರಾಕೆಟ್ಟಿನ ತಂತಿ ಜೋಡಿಸುವ ಮುನ್ನ ಅಲ್ಲಿ ಅನಪೇಕ್ಷಿತ ವಿದ್ಯುತ್ತು ಹರಿಯುತ್ತಿಲ್ಲವೆಂದು ಅಳೆದು ನೋಡಬೇಕು. ಕೆಂಪು ಪಟ್ಟಿ ತೂಗುವ ಸುರಕ್ಷಾ ಪಿನ್ನುಗಳನ್ನು ಕೊನೆಯ ಘಳಿಗೆಯಲ್ಲಿ ತೆಗೆದು ಎಣಿಸಬೇಕು. ಆ ಕೊನೆಯ ಘಳಿಗೆಯಲ್ಲಿ ಎಂಜಿನು ಪಕ್ಕದಲ್ಲೇ ಗರ್ಜಿಸುತ್ತಿರುತ್ತದೆ!

85 ಡೆಸಿಬೆಲ್ ಶಬ್ದವನ್ನು ದಿನಕ್ಕೆ ಎಂಟು ಗಂಟೆ ಸಹಿಸಬಹುದೆಂಬುದು ತಜ್ಞರ ಲೆಕ್ಕ. ಅಲ್ಲಿಂದ ಮೂರು ಡೆಸಿಬೆಲ್ ಏರಿದಂತೆಲ್ಲ ಕಾಲಾವಧಿ ಅರ್ಧಕ್ಕಿಳಿಯುತ್ತದೆ. 100ಕ್ಕೆ ಕೇವಲ ಕಾಲು ಗಂಟೆ. ಜೆಟ್ ಎಂಜಿನಿನ ಸಮೀಪದಲ್ಲಿ ಶಬ್ದ 120ನ್ನೂ ಮೀರುತ್ತದೆ. ಒಳಗಿವಿಯ ಸೂಕ್ಷ್ಮ ರೋಮಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಮೊದಲು ಕೆಡುವುದು 4000 ಹರ್ಟ್ಸ್‌ನ ಆಸುಪಾಸಿನ ಎತ್ತರದ ಧ್ವನಿಗಳು. ಸ್ವರಗಳು ಕೇಳುತ್ತವೆ, ಸಕಾರ ಶಕಾರಗಳು ಜಾರಿಹೋಗುತ್ತವೆ. ‘ಸಾರು’ ಎಂದರೆ ‘ಆರು’ ಎಂದು ಕೇಳಿಸೀತು. ಮನೆಯವರು ಇದನ್ನು ಅಸಡ್ಡೆಯೆಂದು ತಿಳಿದು ಮುನಿಯುತ್ತಾರೆ; ಆತ ಮೆಲ್ಲಗೆ ಮಾತು ಕಡಿಮೆ ಮಾಡುತ್ತಾನೆ. ಕೆಲವರಿಗೆ ರಾತ್ರಿಯೆಲ್ಲ ಕಿವಿಯಲ್ಲಿ ಗುಂಯ್ ಎಂಬ ನಾದ. ಹತ್ತಿಯ ಉಂಡೆ ತುರುಕಿದರೆ ಹೆಚ್ಚೇನೂ ಫಲವಿಲ್ಲ. ಸರಿಯಾಗಿ ಕೂರುವ ಇಯರ್‌ಪ್ಲಗ್, ಅದರ ಮೇಲೆ ಇಯರ್‌ಮಫ್, ಎರಡೂ ಬೇಕು. (ಇಯರ್‌ಫೋನಿನಲ್ಲಿ ಸಂಗೀತದ ಅಬ್ಬರ ಕೇಳುವ ಮಕ್ಕಳು ಸೇನೆಗೆ ಸೇರುವ ಮುನ್ನವೇ ಈ ಬಂಡವಾಳ ಕರಗಿಸುತ್ತಿದ್ದಾರೆ.)

ಭರ್ತಿಯ ವೇಳೆ ಆರು ಮೀಟರ್ ದೂರದ ಪಿಸುಮಾತನ್ನು ಎರಡೂ ಕಿವಿಗಳು ಬೇರೆ ಬೇರೆಯಾಗಿ ಕೇಳಬೇಕೆಂಬುದು ನಿಯಮ. ಬಿಡುಗಡೆಯ ವೇಳೆಗೆ ಆ ಕಿವಿ ಹೇಗಿದೆ ಎಂಬುದು 2022ರ ಅಗ್ನಿಪಥ ಯೋಜನೆಯ ಬಳಿಕ ಇನ್ನೂ ಮಹತ್ವದ ಪ್ರಶ್ನೆ. ಸೇವೆ ನಾಲ್ಕೇ ವರ್ಷ; ಮುಂದುವರಿಯುವವರು ಹೆಚ್ಚೆಂದರೆ ನೂರಕ್ಕೆ 25. ಉಳಿದವರಿಗೆ ಪಿಂಚಣಿಯಿಲ್ಲ, ಹಳೆಯ ಏರ್‌ಮನ್ನರಿಗೆ ದೊರೆಯುವ, 2003ರಲ್ಲಿ ಆರಂಭವಾದ ಮಾಜಿ ಸೈನಿಕರ ವೈದ್ಯಕೀಯ ಯೋಜನೆಯೂ ಅನ್ವಯಿಸದು. ಸೇವೆಯಿಂದುಂಟಾದ ಅಂಗವೈಕಲ್ಯಕ್ಕೆ ಪರಿಹಾರವುಂಟು, ಆದರೆ ಅದನ್ನು ವೈದ್ಯಕೀಯ ಮಂಡಳಿ ದಾಖಲಿಸಿರಬೇಕು. ಆದುದರಿಂದ ಸೇರುವ ಮುನ್ನ ಒಮ್ಮೆ, ಹೊರಬರುವ ಮುನ್ನ ಒಮ್ಮೆ ಆಡಿಯೋಗ್ರಾಮ್ ಮಾಡಿಸಿ ಕಾಗದವನ್ನು ಜೋಪಾನವಾಗಿಡುವುದು ಉಚಿತ.

ನಿವೃತ್ತರಾಗಿ ನಮ್ಮ ನಡುವೆ ಇರುವ ಹಿರಿಯರೂ ಪರೀಕ್ಷೆಗೆ ಸಂಕೋಚಪಡಬೇಕಾಗಿಲ್ಲ. ಸಿಕಂದರಾಬಾದಿನ ಮನೋವಿಕಾಸ ನಗರದಲ್ಲಿ ಅಲಿ ಯಾವರ್ ಜಂಗ್ ರಾಷ್ಟ್ರೀಯ ಸಂಸ್ಥೆಯ ಪ್ರಾದೇಶಿಕ ಕೇಂದ್ರವಿದೆ. ಊರಿಗೆ ಹೋದಾಗ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ. ನೋವಿಲ್ಲದ ಪರೀಕ್ಷೆ. ಹೋಗುವಾಗ ಪತ್ನಿಯನ್ನೂ ಕರೆದೊಯ್ಯಿರಿ. ಯಾವ ಮಾತು ಕೇಳಿಸುತ್ತಿಲ್ಲವೆಂಬುದು ಆಕೆಗೇ ಚೆನ್ನಾಗಿ ಗೊತ್ತು.