ನಿಮಗಿದು ಗೊತ್ತೆ? ಸೀಮೆಸುಣ್ಣದಲ್ಲೇ ನಿಂತುಹೋದ ಶ್ರೀರಂಗಪಟ್ಟಣ

ಶ್ರೀರಂಗಪಟ್ಟಣವು ಆಂಗ್ಲರೊಡನೆ ನಡೆದ ಯುದ್ಧದಲ್ಲಿ 1799ರ ಮೇ 4ರಂದು ಪತನಗೊಂಡ ತರುವಾಯ, ಡಬ್ಲಿನ್ನಿನ ಚಿತ್ರಕಾರ ಥಾಮಸ್ ಹಿಕಿಯು ಆ ಯುದ್ಧವನ್ನು ಏಳು ಚಿತ್ರಪಟಗಳಲ್ಲಿ ನಿರೂಪಿಸುವ ಸಂಕಲ್ಪದಿಂದ, ಅದರಲ್ಲಿ ಪಾಲ್ಗೊಂಡಿದ್ದ ಆಂಗ್ಲ ಸೇನಾಧಿಕಾರಿಗಳ ಮುಖಚರ್ಯೆಯನ್ನು ಒಂದೊಂದಾಗಿ ಕಾಗದದ ಮೇಲೆ ಸೀಮೆಸುಣ್ಣದಿಂದ ಬರೆದುಕೊಂಡನು. ಸಿದ್ಧತೆಯೇನೋ ಐವತ್ತಕ್ಕೂ ಮಿಕ್ಕಿದ ಭಾವಚಿತ್ರಗಳವರೆಗೆ ಬೆಳೆಯಿತು. ಮೂಲ ಯೋಜನೆಯು ಮಾತ್ರ ಕೈಗೂಡಲಿಲ್ಲ. ಗೆದ್ದವರ ವೈಭವಕ್ಕಾಗಿ ಹೊರಟ ಪಟಗಳು ಹುಟ್ಟದೆ ಹೋದುದಕ್ಕೆ ನಾವು ಮರುಗಬೇಕಾದುದಿಲ್ಲ. ಮೈಸೂರಿನ ದಿವಾನ್ ಪೂರ್ಣಯ್ಯನವರ ತೈಲವರ್ಣದ ಭಾವಚಿತ್ರವನ್ನು ನಮಗಿತ್ತವನೂ ಈ ಹಿಕಿಯೇ. ಆ ಸೀಮೆಸುಣ್ಣದ ಮುಖಗಳು ಇಂಗ್ಲೆಂಡಿನ ಸ್ಟ್ರಾಟ್‌ಫೀಲ್ಡ್ ಸೇ ಎಂಬಲ್ಲಿರುವ ವೆಲ್ಲಿಂಗ್ಟನ್ ಮನೆತನದ ಭವನವನ್ನು ಸೇರಿವೆ.